ಆರು ಬರ್ತಿನ ಕೋಣೆ ಹೋಟೆಲ್ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಯುರೋಪಿನ ರಾತ್ರಿ ರೈಲುಗಳನ್ನು ಕುರಿತು ಬಂದ ಪ್ರವಾಸ ಲೇಖನವನ್ನು ನಾನು ಎರಡು ಸಲ ಓದಿದೆ. ಊರಿಂದೂರಿಗೆ ಹೋಗಲು ವಿಮಾನವೊಂದೇ ಗತಿ ಎಂದುಕೊಂಡಿರುವ ಪ್ರವಾಸಿಗರಿಗೆ ಇನ್ನೊಂದು ದಾರಿಯನ್ನು ತೋರಿಸಿದ್ದಕ್ಕಾಗಿ ಲೇಖಕರಿಗೆ ಕೃತಜ್ಞಳಾಗಿದ್ದೇನೆ. ಆದರೆ ಲೇಖನದ ಉದ್ದಕ್ಕೂ ಮತ್ತೆ ಮತ್ತೆ ಬಂದ ‘ಚಲಿಸುವ ಹೋಟೆಲ್’ ಎಂಬ ಮಾತು, ‘ಒಂದು ರಾತ್ರಿಯ ಬಾಡಿಗೆ ಪೂರ್ತಿ ಉಳಿಯಿತು’ ಎಂಬ ಲೆಕ್ಕ ಇವೆರಡೂ ಕೈ ಬಿಗಿಹಿಡಿದು ಖರ್ಚು ಮಾಡುವವರನ್ನು ತಪ್ಪು ನಿರೀಕ್ಷೆಗೆ ದೂಡುತ್ತವೆ ಎಂದು ನನಗೆ ಅನ್ನಿಸಿತು. ಲೇಖನದ ಜೊತೆ ಅಚ್ಚಾದ ಚಿತ್ರಗಳೆಲ್ಲ ಒಬ್ಬರಿಗೋ ಇಬ್ಬರಿಗೋ ಮೀಸಲಾದ, ಕೋಣೆಯೊಳಗೇ ಷವರ್ ಇರುವ ದುಬಾರಿ ಸ್ಲೀಪರ್‌ನವು. ಲೇಖನದಲ್ಲಿ ಹೇಳಿದ ದರ ಮಾತ್ರ ಆರು ಮಂದಿ ಅಪರಿಚಿತರು ಒಂದೇ ಕೋಣೆಯಲ್ಲಿ ಮಲಗುವ ಬರ್ತಿನದು. ಚಿತ್ರವನ್ನು ನೋಡಿ, ದರವನ್ನು ಓದಿ, ಟಿಕೆಟ್ ಕೊಂಡು ಹೋದವರು ಬಾಗಿಲು ತೆರೆದ ಕೂಡಲೇ ಮೋಸಹೋದೆವೆಂದು ಭಾವಿಸಿದರೆ ಅದು ಅವರ ತಪ್ಪಲ್ಲ. ಆ ಆರು ಬರ್ತಿನ ಕೋಣೆಯಲ್ಲಿ ಮಲಗಿ, ನೆಮ್ಮದಿಯಿಂದ ಎದ್ದು, ಇನ್ನೊಮ್ಮೆ ಹೋಗಬೇಕೆಂದು ಬಯಸುವವಳಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಅಲ್ಲಿನ ರಾತ್ರಿ ರೈಲುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಜಾಗಗಳಿರುತ್ತವೆ. ಒಂದು, ಬರೀ ಆಸನ. ಎರಡನೆಯದು ಫ್ರೆಂಚ್ ಭಾಷೆಯಿಂದ ಬಂದ ಕುಶೆಟ್ ಎಂಬ ಹೆಸರಿನದು; ಜರ್ಮನ್ ಮಾತನಾಡುವ ನಾಡುಗಳಲ್ಲಿ ಈ ಬೋಗಿಯನ್ನು ಲೀಗೆವಾಗನ್ ಎನ್ನುತ್ತಾರೆ. ಇದರಲ್ಲಿ ನಾಲ್ಕು ಅಥವಾ ಆರು ಬರ್ತ್‌ಗಳ ಕೋಣೆಗಳು, ಸರಳವಾದ ಮೆತ್ತೆ, ದಿಂಬು, ಹೊದಿಕೆ ಇರುತ್ತವೆ. ಮೂರನೆಯದು ಶ್ಲಾಫ್‌ವಾಗನ್ ಎಂದು ಕರೆಯುವ ನಿಜವಾದ ಸ್ಲೀಪರ್. ಒಬ್ಬರಿಂದ ಮೂವರವರೆಗಿನ ಕೋಣೆ, ಸರಿಯಾದ ಹಾಸಿಗೆ, ಕೈತೊಳೆಯುವ ಬೇಸಿನ್ ಇರುವುದು ಇದರಲ್ಲಿ. ಟಿಕೆಟ್ ಕೊಳ್ಳುವಾಗ ಈ ಎರಡು ಜರ್ಮನ್ ಪದಗಳ ನಡುವಿನ ಅಂತರವನ್ನು ತಿಳಿದಿದ್ದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಆಸನದ ಟಿಕೆಟ್ಟನ್ನಂತೂ ರಾತ್ರಿಯಿಡೀ ಪ್ರಯಾಣಿಸುವ ಯಾರಿಗೂ ನಾನು ಹೇಳಲಾರೆ. ಕುಶೆಟ್‌ಗೂ ಆಸನಕ್ಕೂ ಇರುವ ದರದ ವ್ಯತ್ಯಾಸವನ್ನು ಉಳಿಸಿದವರು ಮರುದಿನವನ್ನೆಲ್ಲ ಬೆನ್ನುನೋವಿಗೆ, ತೂಕಡಿಕೆಗೆ ಒಪ್ಪಿಸಬೇಕಾಗುತ್ತದೆ.

ನಾನೂ ನನ್ನ ಅಕ್ಕನೂ 2023ರ ಜೂನ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ವಿಯೆನ್ನಾಕ್ಕೆ ಆರು ಬರ್ತಿನ ಕುಶೆಟ್‌ನಲ್ಲಿ ಹೋದೆವು. ಅಕ್ಕನಿಗೆ ಆಗ ಅರವತ್ತಾರು. ಮೊಣಕಾಲು ನೋವು ಬೇರೆ. ಟಿಕೆಟ್ ಕೊಳ್ಳುವಾಗ ಕೆಳ ಬರ್ತ್ ಬೇಕೆಂದು ಗುರುತು ಹಾಕುವುದನ್ನು ನಾನು ಮರೆತಿದ್ದೆ, ಅವಳಿಗೆ ತೀರಾ ಮೇಲಿನ ಬರ್ತ್ ಬಂದಿತ್ತು. ಕಿರಿದಾದ ಕಬ್ಬಿಣದ ಏಣಿಯನ್ನು ನೋಡಿದ ಕ್ಷಣವೇ ಅವಳ ಮುಖ ಬಾಡಿತು. ನಮ್ಮ ಕೋಣೆಯಲ್ಲಿದ್ದ ಇತರ ನಾಲ್ವರಲ್ಲಿ ಓದುವ ವಯಸ್ಸಿನ ಹುಡುಗಿಯೊಬ್ಬಳು, ನಾವು ಕೇಳುವ ಮೊದಲೇ ತನ್ನ ಕೆಳ ಬರ್ತನ್ನು ಬಿಟ್ಟುಕೊಟ್ಟು ಮೇಲೆ ಹತ್ತಿ ಕುಳಿತಳು. ಎಲ್ಲರಿಗೂ ಇಂಥ ಸಹಪ್ರಯಾಣಿಕರು ಸಿಗುತ್ತಾರೆಂದು ಭರವಸೆ ಕೊಡಲಾಗದು. ಆದ್ದರಿಂದ ವಯಸ್ಸಾದವರೊಡನೆ ಹೋಗುವವರು ಟಿಕೆಟ್ ಕೊಳ್ಳುವಾಗಲೇ ಕೆಳ ಬರ್ತ್ ಸಿಗುವುದೋ ಇಲ್ಲವೋ ಎಂದು ನೋಡಿಕೊಳ್ಳಬೇಕು, ಸಿಗದಿದ್ದರೆ ನಾಲ್ಕು ಬರ್ತಿನ ಕೋಣೆಗೆ ಸ್ವಲ್ಪ ಹೆಚ್ಚು ಕೊಡುವುದೇ ವಾಸಿ. ನಾಲ್ಕು ಬರ್ತಿನ ಕೋಣೆಯಲ್ಲಿ ಮಧ್ಯದ ಬರ್ತ್ ಇರುವುದಿಲ್ಲವಾದ್ದರಿಂದ ಕೆಳಗೆ ಮಲಗಿದವರು ತಲೆ ತಗ್ಗಿಸದೆ ಎದ್ದು ಕೂರಬಹುದು. ಮೊಣಕಾಲು, ಸೊಂಟ ನೋಯುವವರಿಗೆ ಇದು ಸಣ್ಣ ಸಂಗತಿಯಲ್ಲ.

ಆರು ಬರ್ತಿನ ಕೋಣೆಗೆ ಅದರದೇ ಒಂದು ನಡಾವಳಿ ಇದೆ. ಮಧ್ಯದ ಬರ್ತನ್ನು ಮಡಿಚಿದಾಗ ಅದೇ ಕೆಳಗೆ ಕುಳಿತವರಿಗೆ ಒರಗುದಿಂಬಾಗುತ್ತದೆ. ಅದನ್ನು ಬಿಡಿಸಿದ ಮೇಲೆ ಯಾರೂ ನೆಟ್ಟಗೆ ಕೂರುವಂತಿಲ್ಲ. ಎಂದರೆ ಒಬ್ಬರಿಗೆ ನಿದ್ದೆ ಬಂದಿತೆಂದರೆ ಉಳಿದ ಐವರೂ ಮಲಗಬೇಕು, ಅಥವಾ ಓಣಿಯಲ್ಲಿ ನಿಲ್ಲಬೇಕು. ಆ ಸಂಜೆ ಕೊಲೋನ್ ನಿಲ್ದಾಣದಲ್ಲಿ ಗಾಡಿ ನಿಂತಾಗ ಕಿಟಕಿಯಾಚೆ ಕತೀಡ್ರಲಿನ ಜೋಡಿ ಗೋಪುರಗಳ ಮೇಲೆ ಇನ್ನೂ ಬೆಳಕಿತ್ತು. ಜೂನ್ ತಿಂಗಳಲ್ಲಿ ಅಲ್ಲಿ ಕತ್ತಲಾಗುವುದು ತಡ. ಅಲ್ಲಿಯವರೆಗೆ ಮಾತನಾಡುತ್ತಿದ್ದ ನಾವು ಆರೂ ಮಂದಿ, ಯಾರೂ ಹೇಳದೆಯೇ, ಗಾಡಿ ಹೊರಟ ಮೇಲೆ ಎದ್ದು ನಿಂತು ಬರ್ತ್‌ಗಳನ್ನು ಬಿಡಿಸಿ, ಚಾದರಗಳನ್ನು ಹಾಸಿಕೊಂಡೆವು. ಮಲಗುವ ಮುನ್ನ ಬೇಕಾಗುವ ಹಲ್ಲುಜ್ಜುವ ಬ್ರಷ್, ಮಾತ್ರೆ, ನೀರು, ಕನ್ನಡಕದ ಡಬ್ಬಿ ಇವನ್ನೆಲ್ಲ ಒಂದು ಸಣ್ಣ ಚೀಲದಲ್ಲಿ ಮೊದಲೇ ತೆಗೆದಿಟ್ಟುಕೊಂಡಿದ್ದವರು ಸುಖವಾಗಿ ಮಲಗಿದರು. ನಾನು ಹಾಗೆ ಮಾಡಿರಲಿಲ್ಲ. ಕತ್ತಲೆಯಲ್ಲಿ ದೊಡ್ಡ ಸೂಟ್‌ಕೇಸಿನ ಜಿಪ್ ಎಳೆದ ಸದ್ದಿಗೆ ಮೇಲಿನ ಇಬ್ಬರು ಮಗ್ಗುಲು ಬದಲಿಸಿದ್ದು ಕೇಳಿ ನಾಚಿಕೆಯಾಯಿತು. ಸೂಟ್‌ಕೇಸನ್ನು ಕೆಳ ಬರ್ತಿನ ಅಡಿಗೋ ಬಾಗಿಲ ಮೇಲಿನ ಗೂಡಿಗೋ ತಳ್ಳಬೇಕು. ಎರಡಕ್ಕೂ ಹಿಡಿಸದಷ್ಟು ದೊಡ್ಡದನ್ನು ತಂದವರು ಉಳಿದ ಐವರ ಕಾಲಿಡುವ ಜಾಗವನ್ನು ಕಸಿದುಕೊಳ್ಳುತ್ತಾರೆ.

ನಿದ್ದೆಯ ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೊದಲ ಎರಡು ಗಂಟೆ ನನಗೆ ನಿದ್ದೆ ಬರಲಿಲ್ಲ. ಅಕ್ಕ ಕೆಳಗಿನಿಂದ, “ನೀನು ಮಲಗೇ, ಚೀಲ ನಾನು ನೋಡ್ಕೋತೀನಿ” ಎಂದು ಪಿಸುಗುಟ್ಟಿ, ಐದು ನಿಮಿಷದಲ್ಲಿ ತಾನೇ ಗಾಢ ನಿದ್ದೆಗೆ ಜಾರಿದಳು. ನಡುರಾತ್ರಿ ನ್ಯೂರೆಂಬರ್ಗಿನಲ್ಲಿ ಗಾಡಿ ಬಹಳ ಹೊತ್ತು ನಿಂತು, ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಗುದ್ದಿಸಿಕೊಂಡಿತು. ಏನೋ ಅನಾಹುತವಾಯಿತೆಂದು ಹೊಸಬರು ಹೆದರುವುದು ಇಂಥಲ್ಲೇ. ಆಗುತ್ತಿದ್ದುದು ಇಷ್ಟೇ: ಆಮ್‌ಸ್ಟರ್‌ಡ್ಯಾಮಿನಿಂದ ಬಂದ ಬೋಗಿಗಳಲ್ಲಿ ಕೆಲವು ಇನ್ಸ್‌ಬ್ರುಕ್ಕಿಗೂ ಕೆಲವು ವಿಯೆನ್ನಾಕ್ಕೂ ಹೋಗಬೇಕು, ಹ್ಯಾಂಬರ್ಗಿನಿಂದ ಬಂದ ಇನ್ನೊಂದು ಗಾಡಿಯದೂ ಅದೇ ಕಥೆ, ಎರಡು ಗಾಡಿಗಳೂ ಅಲ್ಲಿ ಬೋಗಿಗಳನ್ನು ಅದಲುಬದಲು ಮಾಡಿಕೊಂಡು ಬೇರೆ ಬೇರೆ ದಿಕ್ಕಿಗೆ ಹೊರಡುತ್ತಿದ್ದವು. ಹೀಗೆ ಕವಲೊಡೆಯುವ ಗಾಡಿಯಲ್ಲಿ ‘ಯಾವುದೋ ಬೋಗಿ ಹತ್ತಿ ಆಮೇಲೆ ಒಳಗೇ ನಡೆದು ಹೋಗೋಣ’ ಎನ್ನುವ ಅಭ್ಯಾಸ ನಡೆಯದು. ಟಿಕೆಟ್ಟಿನ ಮೇಲಿರುವ ಬೋಗಿ ಸಂಖ್ಯೆಯನ್ನೂ ಬೋಗಿಯ ಬಾಗಿಲಲ್ಲಿ ಬರೆದಿರುವ ಕೊನೆಯ ನಿಲ್ದಾಣದ ಹೆಸರನ್ನೂ ಎರಡೆರಡು ಸಲ ನೋಡಿ ಹತ್ತಬೇಕು. ಗಡಿಯ ಬಳಿ ಎಂಜಿನ್ ಬದಲಾಗುವುದಕ್ಕೂ ಕಾರಣವಿದೆ. ನೆದರ್ಲೆಂಡ್ಸ್‌ನಲ್ಲಿ ಹಳಿಯ ಮೇಲಿನ ತಂತಿಯಲ್ಲಿ ಹರಿಯುವುದು ಬಹುಪಾಲು 1,500 ವೋಲ್ಟಿನ ನೇರ ವಿದ್ಯುತ್. ಜರ್ಮನಿ, ಆಸ್ಟ್ರಿಯಾಗಳಲ್ಲಿ 15,000 ವೋಲ್ಟಿನ ಪರ್ಯಾಯ ವಿದ್ಯುತ್. ಇಟಲಿಯಲ್ಲಿ ಮತ್ತೆ ಬೇರೆ, ಬಹುಪಾಲು 3,000 ವೋಲ್ಟಿನ ನೇರ ವಿದ್ಯುತ್. ಎಲ್ಲಕ್ಕೂ ಒಗ್ಗುವ ಎಂಜಿನ್‌ಗಳಿವೆ, ಆದರೆ ಎಲ್ಲ ಗಾಡಿಗೂ ಅವು ಸಿಗುವುದಿಲ್ಲ. ಇದನ್ನೆಲ್ಲ ತಿಳಿದುಕೊಂಡ ಮೇಲೆ ಆ ಗುದ್ದು, ಆ ನಿಲುಗಡೆ ನನ್ನನ್ನು ಎಬ್ಬಿಸಿದರೂ ಕಳವಳಗೊಳಿಸುವುದಿಲ್ಲ. ಬೆಳಿಗ್ಗೆ ಪರಿಚಾರಕ ಬಾಗಿಲು ತಟ್ಟಿ ಎರಡು ಬನ್ನು, ಬೆಣ್ಣೆ, ಜಾಮು, ಬಿಸಿ ಕಾಫಿ ಇರುವ ತಟ್ಟೆಯನ್ನು ಕೊಟ್ಟಾಗ ಗಾಡಿ ಆಸ್ಟ್ರಿಯಾದ ಲಿಂಜ್ ನಗರವನ್ನು ದಾಟಿತ್ತು.

ಹೆಣ್ಣುಮಕ್ಕಳು ಒಂಟಿಯಾಗಿ ಹೋಗಬಹುದೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಆಸ್ಟ್ರಿಯಾದ ರೈಲ್ವೆ ಓಡಿಸುವ ನೈಟ್‌ಜೆಟ್ ಎಂಬ ರಾತ್ರಿ ಗಾಡಿಗಳಲ್ಲೂ ಫ್ರಾನ್ಸಿನ ಒಳನಾಡ ರಾತ್ರಿ ಗಾಡಿಗಳಲ್ಲೂ ಮಹಿಳೆಯರಿಗಷ್ಟೇ ಮೀಸಲಾದ ಕುಶೆಟ್ ಕೋಣೆಯನ್ನು ಕೇಳಿ ಪಡೆಯಬಹುದು. ಟಿಕೆಟ್ ಕೊಳ್ಳುವಾಗಲೇ ಅದನ್ನು ಆರಿಸಬೇಕು, ಹತ್ತಿದ ಮೇಲೆ ಕೇಳಿದರೆ ಜಾಗ ಉಳಿದಿರುವುದಿಲ್ಲ. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕವಿರುತ್ತದೆ. ಕೊನೆಯದಾಗಿ ಶೌಚಾಲಯಕ್ಕೆ ಹೋಗಿ ಬಂದವರು ಅದನ್ನು ಹಾಕಬೇಕೆಂಬುದು ಅಲಿಖಿತ ನಿಯಮ. ಪಾಸ್‌ಪೋರ್ಟ್, ಹಣ, ಫೋನ್ ಮೂರನ್ನೂ ಮೈಮೇಲಿನ ಚೀಲದಲ್ಲಿಟ್ಟುಕೊಂಡೇ ಮಲಗುವುದು ಒಳ್ಳೆಯದು. ಇಷ್ಟು ಜಾಗ್ರತೆ ಸಾಕು. ಇದಕ್ಕಿಂತ ಹೆಚ್ಚು ಹೆದರಿ ರಾತ್ರಿಯಿಡೀ ಕಣ್ಣು ಬಿಟ್ಟು ಕೂರುವ ಅಗತ್ಯ ನನಗಂತೂ ಕಾಣಲಿಲ್ಲ.

ಇನ್ನು ಹೋಟೆಲ್ ಬಾಡಿಗೆ ಉಳಿಯಿತೆಂಬ ಲೆಕ್ಕ. ಈ ದರಗಳು ಒಂದೇ ಕಡೆ ನಿಲ್ಲುವುದಿಲ್ಲ, ಬೇಡಿಕೆಗೆ ತಕ್ಕಂತೆ ಏರುತ್ತವೆ. ಮೂರು ತಿಂಗಳ ಮೊದಲೇ ಕೊಂಡವರಿಗೂ ವಾರದ ಹಿಂದೆ ಕೊಂಡವರಿಗೂ ಅದೇ ಬರ್ತಿನ ಬೆಲೆ ದುಪ್ಪಟ್ಟು ಬೇರೆಯಾಗಿರಬಹುದು. ಯುರೋಪಿನ ಹಲವು ನಾಡುಗಳ ರೈಲುಗಳಲ್ಲಿ ಓಡಾಡಲು ಸಿಗುವ ಯುರೇಲ್ ಪಾಸ್ ಇದ್ದರೆ ಎಲ್ಲವೂ ಉಚಿತವೆಂದು ತಿಳಿದಿರುವವರಿಗೂ ಒಂದು ಮಾತು: ಪಾಸ್ ಇರುವುದು ಪ್ರಯಾಣಕ್ಕೆ, ಬರ್ತಿಗೆ ಪ್ರತ್ಯೇಕ ಶುಲ್ಕ ಕೊಟ್ಟು ಕಾಯ್ದಿರಿಸಲೇಬೇಕು. ಕುಶೆಟ್‌ನಲ್ಲಿ ಸ್ನಾನದ ಮನೆಯಿಲ್ಲ. ಬೆಳಿಗ್ಗೆ ಏಳಕ್ಕೋ ಎಂಟಕ್ಕೋ ಇಳಿದರೆ ಆ ಊರಿನ ಹೋಟೆಲಿನಲ್ಲಿ ಕೋಣೆ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಯ ಮೇಲೆ. ಅಲ್ಲಿಯವರೆಗೆ ಸಾಮಾನು ಇಡುವ ಲಾಕರಿನ ಬಾಡಿಗೆ, ಮುಖ ತೊಳೆಯಲು ಜಾಗ, ಕುಳಿತುಕೊಳ್ಳಲು ಒಂದು ಕಾಫಿ ಅಂಗಡಿ, ಇವೆಲ್ಲ ಖರ್ಚಿನ ಬಾಬತ್ತುಗಳೇ. ನನ್ನ ಲೆಕ್ಕದಲ್ಲಿ ದುಡ್ಡು ಉಳಿದದ್ದು ಅಲ್ಪ. ಉಳಿದದ್ದು ಹಗಲು. ವಿಮಾನ ಹಿಡಿಯಲು ಊರ ಹೊರಗಿನ ನಿಲ್ದಾಣಕ್ಕೆ ಹೋಗಿ, ಸಾಲುಗಳಲ್ಲಿ ನಿಂತು, ಅರ್ಧ ದಿನ ಕಳೆಯುವ ಬದಲು, ಸಂಜೆಯವರೆಗೆ ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳ ದಡದಲ್ಲಿ ನಡೆದಾಡಿ, ಮರುದಿನ ಬೆಳಿಗ್ಗೆ ವಿಯೆನ್ನಾದ ನಡು ಊರಿಗೆ ಟ್ರ್ಯಾಮ್ ದೂರದಲ್ಲಿ ಇಳಿದೆವು. ಇದಕ್ಕಾಗಿ ರಾತ್ರಿ ರೈಲನ್ನು ಆರಿಸಿಕೊಳ್ಳುವವರಿಗೆ ಅದು ನಿರಾಸೆ ಮಾಡುವುದು ಕಡಿಮೆ.

ಎಲ್ಲವೂ ಸುಗಮವಾಗಿ ನಡೆಯುತ್ತದೆ ಎಂದು ಬರೆದರೆ ನಾನೂ ಆ ಲೇಖನದ ತಪ್ಪನ್ನೇ ಮಾಡಿದಂತಾಗುತ್ತದೆ. ಮರುವರ್ಷ ಬೇರೊಂದು ದಾರಿಯಲ್ಲಿ, ಬೇರೊಂದು ಸಂಸ್ಥೆಯ ಗಾಡಿಯಲ್ಲಿ ಹೋಗುವಾಗ ನಮ್ಮ ಕುಶೆಟ್ ಬೋಗಿ ಬರಲೇ ಇಲ್ಲ. ರಿಪೇರಿಗೆ ಹೋಗಿದೆ ಎಂದು ಪ್ಲಾಟ್‌ಫಾರಂನಲ್ಲಿ ಒಂದು ಮಾತು ಹೇಳಿ, ನಮ್ಮನ್ನೆಲ್ಲ ಆಸನಗಳ ಬೋಗಿಗೆ ಕಳುಹಿಸಿದರು. ಅಕ್ಕ ಇಡೀ ರಾತ್ರಿ ಕಾಲು ಚಾಚಲಾಗದೆ ಕುಳಿತಳು. ಗಾಡಿ ಮುಟ್ಟಿದ್ದೂ ಎರಡು ಗಂಟೆಗೂ ಹೆಚ್ಚು ತಡವಾಗಿ. ಅದೇ ಬೆಳಿಗ್ಗೆಗೆ ಬೇರೆಯಾಗಿ ಕೊಂಡಿದ್ದ ವಿಮಾನದ ಟಿಕೆಟ್ಟುಗಳು ಕೈತಪ್ಪಿದವು. ವಿಮಾನದ ಹಣ ನಮಗೆ ಮರಳಿ ಬರಲಿಲ್ಲ, ಏಕೆಂದರೆ ಎರಡೂ ಬೇರೆ ಬೇರೆ ಟಿಕೆಟ್ಟುಗಳಾಗಿದ್ದವು. ರಾತ್ರಿ ರೈಲು ಮುಟ್ಟುವ ದಿನವೇ ವಿಮಾನ ಹಿಡಿಯುವ ಯೋಜನೆಯನ್ನು ಯಾರೂ ಹಾಕಬಾರದೆಂದು ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಆದರೆ ರೈಲಿನ ಟಿಕೆಟ್ಟಿನ ವಿಷಯದಲ್ಲಿ ನಮಗೆ ಹಕ್ಕಿತ್ತು. ಇದನ್ನು ನಿಮ್ಮ ಲೇಖನ ಹೇಳಲೇ ಇಲ್ಲವೆಂಬುದು ನನ್ನ ದೊಡ್ಡ ತಕರಾರು. ಯುರೋಪಿಯನ್ ಒಕ್ಕೂಟದ ರೈಲು ಪ್ರಯಾಣಿಕರ ಹಕ್ಕುಗಳ ಹೊಸ ನಿಯಮ 2023ರ ಜೂನ್ 7ರಿಂದ ಜಾರಿಯಲ್ಲಿದೆ. ಅದರಂತೆ ಗಾಡಿ 60ರಿಂದ 119 ನಿಮಿಷ ತಡವಾಗಿ ಮುಟ್ಟಿದರೆ ಟಿಕೆಟ್ ದರದ ಶೇಕಡಾ 25ನ್ನೂ, 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ಶೇಕಡಾ 50ನ್ನೂ ಪರಿಹಾರವಾಗಿ ಕೇಳಬಹುದು. ವಿಪರೀತ ಹವಾಮಾನದಂಥ, ಸಂಸ್ಥೆಯ ಕೈಮೀರಿದ ಕಾರಣಗಳಿಗೆ ಈಗ ವಿನಾಯಿತಿ ಇದೆ. ಬೋಗಿ ಕೆಟ್ಟುಹೋಗುವುದು ಅಂಥ ಕಾರಣವಲ್ಲ. ಗಾಡಿ ಒಂದು ಗಂಟೆಗಿಂತ ಹೆಚ್ಚು ತಡವಾಗುವುದು ಮೊದಲೇ ಗೊತ್ತಾದರೆ ಪ್ರಯಾಣವನ್ನು ಕೈಬಿಟ್ಟು ಪೂರ್ತಿ ಹಣವನ್ನು ಹಿಂದೆ ಪಡೆಯಬಹುದು, ಅಥವಾ ಬೇರೆ ದಾರಿಯಲ್ಲಿ ಕಳುಹಿಸಿಕೊಡುವಂತೆ ಕೇಳಬಹುದು. ದೂರನ್ನು ಮೂರು ತಿಂಗಳೊಳಗೆ ಸಲ್ಲಿಸಬೇಕು. ನಮ್ಮ ವಿಷಯದಲ್ಲಿ ಟಿಕೆಟ್ಟಿನ ಪ್ರತಿ, ಪ್ಲಾಟ್‌ಫಾರಂ ಫಲಕದ ಫೋಟೊ, ಬರ್ತ್ ಕೊಡಲಿಲ್ಲವೆಂದು ಗಾಡಿಯ ಸಿಬ್ಬಂದಿಯಿಂದ ಬರೆಸಿಕೊಂಡ ಚೀಟಿ ಈ ಮೂರೂ ಇದ್ದುದರಿಂದ ಬರ್ತಿಗೂ ಆಸನಕ್ಕೂ ಇದ್ದ ದರದ ವ್ಯತ್ಯಾಸ ಮತ್ತು ತಡದ ಪರಿಹಾರ ಎರಡೂ ಬಂದವು. ಆ ಚೀಟಿಯನ್ನು ಬರೆಸಿಕೊಳ್ಳುವಂತೆ ನಮಗೆ ಹೇಳಿಕೊಟ್ಟದ್ದು ಎದುರು ಆಸನದಲ್ಲಿ ಕುಳಿತಿದ್ದ ವೃದ್ಧ ದಂಪತಿ. ಅವರಿಲ್ಲದಿದ್ದರೆ ನಾವು ಬೈದುಕೊಂಡು ಸುಮ್ಮನಾಗುತ್ತಿದ್ದೆವು.

ಗಡಿಗಳ ಬಗ್ಗೆಯೂ ಎರಡು ಮಾತು ಬರೆಯಬೇಕು. ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆ ಬೇಡವೆಂದು ಒಪ್ಪಂದ ಮಾಡಿಕೊಂಡ ಷೆಂಗೆನ್ ನಾಡುಗಳ ನಡುವೆ ತಪಾಸಣೆಯೇ ಇಲ್ಲವೆಂದು ನಂಬಿ ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳದಲ್ಲಿಟ್ಟು ಮಲಗುವವರಿದ್ದಾರೆ. ಜರ್ಮನಿ 2024ರ ಸೆಪ್ಟೆಂಬರಿನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆಯನ್ನು ಆರಂಭಿಸಿತು. ನಡುರಾತ್ರಿ ಪೊಲೀಸರು ಬಾಗಿಲು ತಟ್ಟಿದರೆ ಗಾಬರಿಯಾಗಬೇಕಿಲ್ಲ, ಪಾಸ್‌ಪೋರ್ಟ್ ಕೈಗೆ ಸಿಗುವಂತಿದ್ದರೆ ಸಾಕು. ಬಲ್ಗೇರಿಯಾದ ಸೋಫಿಯಾದಿಂದ ಟರ್ಕಿಯ ಇಸ್ತಾಂಬುಲ್‌ಗೆ ಹೋಗುವ ಗಾಡಿಯಲ್ಲಿ ಮಾತ್ರ ನಿದ್ದೆಯ ಆಸೆಯನ್ನು ಅರ್ಧ ಬಿಡಬೇಕು. ಟರ್ಕಿಯ ಗಡಿ ನಿಲ್ದಾಣವಾದ ಕಪಿಕುಲೆಯಲ್ಲಿ ಅಪರಾತ್ರಿಯಲ್ಲಿ ಎಲ್ಲರೂ ಸಾಮಾನು ಸಮೇತ ಇಳಿದು, ಸಾಲಿನಲ್ಲಿ ನಿಂತು, ಪಾಸ್‌ಪೋರ್ಟಿಗೆ ಮೊಹರು ಹಾಕಿಸಿಕೊಂಡು ಮತ್ತೆ ಹತ್ತಬೇಕು. ಒಂದೇ ಪ್ರವೇಶದ ಷೆಂಗೆನ್ ವೀಸಾ ಇರುವವರು ಹೀಗೆ ಷೆಂಗೆನ್‌ನ ಹೊರಗಿರುವ ಟರ್ಕಿಗೆ ಗಡಿ ದಾಟಿದರೆ ಅದೇ ವೀಸಾದ ಮೇಲೆ ಮರಳಿ ಬರಲಾಗದೆಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ಕೊರತೆಗಳಿದ್ದರೂ ಈ ಅಗ್ಗದ ಬರ್ತಿನ ಪರವಾಗಿ ನಾನೇಕೆ ಇಷ್ಟು ಬರೆಯುತ್ತಿದ್ದೇನೆಂದರೆ, ಅದು ಮೆಲ್ಲಗೆ ಕಣ್ಮರೆಯಾಗುತ್ತಿದೆ. ಹಳೆಯ ಕುಶೆಟ್ ಬೋಗಿಯಲ್ಲಿ ಒಂಬತ್ತೋ ಹತ್ತೋ ಕೋಣೆಗಳು. ಕೋಣೆಗೆ ಆರು ಮಂದಿಯಂತೆ 54 ಅಥವಾ 60 ಜನ ಮಲಗುತ್ತಾರೆ. ನಾಲ್ವರಂತೆ ಕೊಟ್ಟರೆ ಅದೇ ಬೋಗಿಯಲ್ಲಿ 36 ಅಥವಾ 40 ಜನ. ಬೋಗಿಯ ಬೆಲೆ, ಹಳಿಯ ಬಾಡಿಗೆ, ಸಿಬ್ಬಂದಿಯ ಸಂಬಳ ಎಲ್ಲವನ್ನೂ ಇಷ್ಟೇ ಜನರ ಮೇಲೆ ಹಂಚಬೇಕು. ಹಗಲಿನ ಗಾಡಿ ದಿನಕ್ಕೆ ಹಲವು ಸಲ ಓಡಾಡಿ ಸಂಪಾದಿಸಿದರೆ, ರಾತ್ರಿ ಗಾಡಿಗೆ ದಿನಕ್ಕೆ ಒಂದೇ ಸುತ್ತು. ಅಂತರರಾಷ್ಟ್ರೀಯ ವಿಮಾನಗಳ ಇಂಧನಕ್ಕೆ ತೆರಿಗೆಯಿಲ್ಲ, ರೈಲು ಮಾತ್ರ ದಾಟಿದ ಪ್ರತಿ ಕಿಲೋಮೀಟರಿಗೂ ಹಳಿಯ ಶುಲ್ಕ ಕಟ್ಟಬೇಕು. ಜರ್ಮನಿಯ ರೈಲ್ವೆ 2016ರ ಡಿಸೆಂಬರಿನಲ್ಲಿ ತನ್ನ ರಾತ್ರಿ ಗಾಡಿಗಳನ್ನೆಲ್ಲ ನಿಲ್ಲಿಸಿಬಿಟ್ಟಿತು. ಅವುಗಳಲ್ಲಿ ಕೆಲವನ್ನು ಆಸ್ಟ್ರಿಯಾದ ರೈಲ್ವೆ ಕೈಗೆತ್ತಿಕೊಂಡು ನೈಟ್‌ಜೆಟ್ ಎಂಬ ಹೆಸರಿನಲ್ಲಿ ಉಳಿಸಿತು. 2017ರಲ್ಲಿ ನಿಂತ ಪ್ಯಾರಿಸ್–ನೀಸ್ ಗಾಡಿ ಸರಕಾರದ ನೆರವಿನಿಂದ 2021ರ ಮೇ ತಿಂಗಳಲ್ಲಿ ಮತ್ತೆ ಹೊರಟಿತು. ಸಣ್ಣ ಪಾಲುದಾರರ ಸಹಕಾರಿ ಸಂಸ್ಥೆಯಾದ ಯುರೋಪಿಯನ್ ಸ್ಲೀಪರ್, 2023ರ ಮೇ 25ರಂದು ಬ್ರಸೆಲ್ಸ್–ಬರ್ಲಿನ್ ಗಾಡಿಯನ್ನು ಆರಂಭಿಸಿ, ಮರುವರ್ಷ ಅದನ್ನು ಪ್ರಾಗ್‌ವರೆಗೆ ಒಯ್ದಿತು.

ಹೊಸ ಬೋಗಿಗಳು ಬಂದದ್ದು ಒಳ್ಳೆಯದೇ. 2023ರ ಡಿಸೆಂಬರಿನಲ್ಲಿ ಹಳಿಗಿಳಿದ ಹೊಸ ನೈಟ್‌ಜೆಟ್‌ನಲ್ಲಿ ಒಂಟಿ ಪ್ರಯಾಣಿಕರಿಗಾಗಿ ಗೂಡಿನಂಥ ಪುಟ್ಟ ಕ್ಯಾಬಿನ್‌ಗಳಿವೆ, ತಮ್ಮದೇ ಬಾಗಿಲು, ತಮ್ಮದೇ ದೀಪ ಬೇಕೆನ್ನುವವರಿಗೆ ಅವು ಅನುಕೂಲ. ಆದರೆ ಆ ಹೊಸ ಗಾಡಿಗಳಲ್ಲಿ ಆರು ಬರ್ತಿನ ಕೋಣೆಯಿಲ್ಲ, ನಾಲ್ಕಕ್ಕೇ ಮುಗಿಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅಜ್ಜ ಅಜ್ಜಿ ಎಲ್ಲ ಸೇರಿ ಒಂದೇ ಕೋಣೆಯಲ್ಲಿ, ಒಂದೇ ಚಿಲಕದ ಒಳಗೆ ಹೋಗುವ ಅವಕಾಶ ಅಲ್ಲಿ ಸಿಗದು. ಹೊಸತನವನ್ನು ಮೆಚ್ಚುವ ಭರದಲ್ಲಿ ನಿಮ್ಮ ಲೇಖನ ಈ ನಷ್ಟವನ್ನು ಗಮನಿಸಲಿಲ್ಲ. ದೂರದ ಊರಿಗೆ ಮಲಗಿಕೊಂಡು ಹೋಗುವ ಸೌಕರ್ಯ ಹಣವಂತರ ವಿಲಾಸವಾಗದೆ, ವಿದ್ಯಾರ್ಥಿಗಳಿಗೂ ದೊಡ್ಡ ಕುಟುಂಬಗಳಿಗೂ ನಮ್ಮಂಥ ನಿವೃತ್ತರಿಗೂ ಎಟುಕಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದು ಎಟುಕುವಂತಿದ್ದುದು ಆ ಇಕ್ಕಟ್ಟಾದ ಆರು ಬರ್ತಿನ ಕೋಣೆಯಿಂದಲೇ.

ಕೊನೆಗೆ, ತುರ್ತಾಗಿ ತಿದ್ದಬೇಕಾದ ಒಂದು ತಪ್ಪನ್ನು ನಿಮ್ಮ ಗಮನಕ್ಕೆ ತರುತ್ತೇನೆ. ಲೇಖನದ ಜೊತೆಗಿದ್ದ ಪಟ್ಟಿಯಲ್ಲಿ ಪ್ಯಾರಿಸ್–ವಿಯೆನ್ನಾ ನೈಟ್‌ಜೆಟ್ ಈಗಲೂ ಓಡುತ್ತಿರುವಂತೆ ತೋರಿಸಲಾಗಿದೆ. 2021ರ ಡಿಸೆಂಬರಿನಲ್ಲಿ ಆರಂಭವಾಗಿದ್ದ ಆ ಗಾಡಿ, 2023ರ ಡಿಸೆಂಬರಿನಲ್ಲಿ ಆರಂಭವಾಗಿದ್ದ ಪ್ಯಾರಿಸ್–ಬರ್ಲಿನ್ ನೈಟ್‌ಜೆಟ್‌ನೊಂದಿಗೆ, ಫ್ರಾನ್ಸ್ ಸರಕಾರದ ನೆರವು ಕೊನೆಗೊಂಡದ್ದರಿಂದ 2025ರ ಡಿಸೆಂಬರಿನಲ್ಲಿ ನಿಂತಿದೆ. ಆ ಪಟ್ಟಿಯನ್ನು ಕತ್ತರಿಸಿಟ್ಟುಕೊಂಡು ಬೇಸಿಗೆಯ ರಜೆಗೆ ಪ್ಯಾರಿಸ್ಸಿನ ಹೋಟೆಲನ್ನೂ ವಿಯೆನ್ನಾದ ಹೋಟೆಲನ್ನೂ ಕಾಯ್ದಿರಿಸುವ ಓದುಗರು ಇರಬಹುದು. ದಯವಿಟ್ಟು ಮುಂದಿನ ಭಾನುವಾರದ ಪುರವಣಿಯಲ್ಲೇ, ಅದೇ ಪುಟದಲ್ಲಿ, ಕಣ್ಣಿಗೆ ಬೀಳುವಂತೆ ತಿದ್ದುಪಡಿಯನ್ನು ಪ್ರಕಟಿಸಿ; ಸಾಧ್ಯವಾದರೆ ಅದರ ಪಕ್ಕದಲ್ಲಿ ಆರು ಬರ್ತಿನ ಕೋಣೆಯ ಒಂದು ಚಿತ್ರವನ್ನೂ ಹಾಕಿ.

ವಂದನೆಗಳೊಂದಿಗೆ,
ನಿಮ್ಮ ಪತ್ರಿಕೆಯ ಬಹುಕಾಲದ ಓದುಗಾರ್ತಿ